ಏಸಿ ಇಲ್ಲದೆ ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬೇಸಿಗೆಯ ರಾತ್ರಿ ಹತ್ತು ಗಂಟೆಗೆ ಅಂಗಳದಲ್ಲಿ ನಿಂತರೆ ಗಾಳಿ ಹಿತವಾಗಿರುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಧಗೆ ಮುಖಕ್ಕೆ ಹೊಡೆಯುತ್ತದೆ. ಸೂರ್ಯ ಮುಳುಗಿ ಮೂರು ತಾಸು ಕಳೆದ ಮೇಲೂ ಮನೆಯೊಳಗೆ ಉಳಿದಿರುವ ಈ ಸೆಕೆ ಆ ಹೊತ್ತಿನದಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ತಾರಸಿಯೂ ಗೋಡೆಗಳೂ ಹೀರಿಕೊಂಡ ಬಿಸಿಯನ್ನು ಈಗ ನಿಧಾನವಾಗಿ ಒಳಗೆ ಬಿಡುತ್ತಿವೆ. ನಮ್ಮಲ್ಲಿ ಹೆಚ್ಚಿನವರು ಸೆಕೆಯ ವಿರುದ್ಧ ಕೆಲಸ ಆರಂಭಿಸುವುದೇ ಈ ಹೊತ್ತಿನಲ್ಲಿ, ಫ್ಯಾನಿನ ವೇಗ ಹೆಚ್ಚಿಸುವ ಮೂಲಕ. ಅಂದರೆ ಕೊನೆಗೆ ಮಾಡಬೇಕಾದುದನ್ನು ಮೊದಲು ಮಾಡುತ್ತೇವೆ.

ಒಳಗೆ ಬಂದ ಬಿಸಿಯನ್ನು ಹೊರಗೆ ಕಳಿಸುವುದು ಕಷ್ಟ, ಬರುವ ಬಿಸಿಯನ್ನು ಹೊರಗೇ ತಡೆಯುವುದು ಸುಲಭ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮವೂ ಹಾಗೆಯೇ ಇದೆ: ಮೊದಲು ಬಿಸಿಲನ್ನು ತಡೆಯುವುದು, ಅನಂತರ ಚಾವಣಿ, ಆಮೇಲೆ ರಾತ್ರಿಯ ಗಾಳಿ, ತದನಂತರ ಫ್ಯಾನು ಮತ್ತು ನೀರು. ಮೊದಲ ಮೂರು ನಾಲ್ಕು ಹಂತಗಳನ್ನು ಬಿಟ್ಟು ನೇರವಾಗಿ ಕೂಲರಿನ ಬಳಿಗೆ ಹೋದವರಿಗೆ ಅರ್ಧ ಫಲವೂ ದಕ್ಕುವುದಿಲ್ಲ.

ಹಂತ 1: ಬಿಸಿ ಎಲ್ಲಿಂದ ಬರುತ್ತಿದೆ ಎಂದು ಕಂಡುಕೊಳ್ಳಿ

ಹಣ ಖರ್ಚು ಮಾಡುವ ಮೊದಲು ಮೂರು ದಿನ ಅಳತೆಗೆ ಮೀಸಲಿಡಿ. ತಾಪಮಾನ ಮತ್ತು ಆರ್ದ್ರತೆ ಎರಡನ್ನೂ ತೋರಿಸುವ ಎರಡು ಸಣ್ಣ ಮಾಪಕಗಳು ಬೇಕು. ಒಂದನ್ನು ನೀವು ಹೆಚ್ಚು ಹೊತ್ತು ಕಳೆಯುವ ಕೋಣೆಯಲ್ಲಿ, ಬಿಸಿಲು ಬೀಳದ ಕಡೆ, ಕುಳಿತಾಗ ಎದೆಯ ಮಟ್ಟಕ್ಕೆ ಬರುವಂತೆ ಇಡಿ; ಇನ್ನೊಂದನ್ನು ಮನೆಯ ಹೊರಗೆ ದಿನವಿಡೀ ನೆರಳಿರುವ ಜಾಗದಲ್ಲಿ ತೂಗುಹಾಕಿ. ಬೆಳಗ್ಗೆ 6, ಮಧ್ಯಾಹ್ನ 2, ಸಂಜೆ 6 ಮತ್ತು ರಾತ್ರಿ 10 ಗಂಟೆಗೆ ಎರಡನ್ನೂ ಓದಿ ಬರೆದಿಡಿ.

ಇದರ ಜೊತೆಗೆ ಅಂಗೈಯನ್ನೂ ಬಳಸಿಕೊಳ್ಳಿ. ಸಂಜೆ ನಾಲ್ಕಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಪ್ರತಿಯೊಂದು ಗೋಡೆಯನ್ನು ಒಳಗಿನಿಂದ ಮುಟ್ಟಿ ನೋಡಿ; ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು ಚಾವಣಿಯ ತಳವನ್ನೂ ಮುಟ್ಟಿ. ತಗಡಿನ ಚಾವಣಿ ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾದು, ಬಿಸಿಲು ಹೋದ ಕೆಲವೇ ನಿಮಿಷಗಳಲ್ಲಿ ಆರುತ್ತದೆ. ಕಾಂಕ್ರೀಟಿನ ತಾರಸಿ ಹೊರಗಿನ ಬಿಸಿಯನ್ನು ಒಳಮೈಗೆ ದಾಟಿಸಲು ಹಲವು ತಾಸು ತೆಗೆದುಕೊಳ್ಳುತ್ತದೆ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅದಕ್ಕಿಂತಲೂ ಹೆಚ್ಚು. ಪಡುವಣ ಗೋಡೆ ನಡುರಾತ್ರಿಯ ಹೊತ್ತಿಗೂ ಬೆಚ್ಚಗಿರುವುದು ಈ ಕಾರಣಕ್ಕೆ. ಕೋಣೆಯೊಂದು ಬಿಸಿಲಿರುವಾಗ ಮಾತ್ರ ಕಾದು, ಅನಂತರ ಬೇಗನೆ ಸುಧಾರಿಸಿದರೆ ಅಪರಾಧಿ ಕಿಟಕಿ. ರಾತ್ರಿಯೂ ತಲೆಯ ಮೇಲಿನಿಂದ ಝಳ ಬರುತ್ತಿದ್ದರೆ ಅಪರಾಧಿ ಚಾವಣಿ. ಮೇಲೆ ಇನ್ನೊಂದು ಮಹಡಿ ಇರುವವರು ಮೂರನೆಯ ಹಂತವನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಬಹುದು.

ಹಂತ 2: ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಿ

ನಿರ್ಮಲ ಆಕಾಶದಲ್ಲಿ ಸೂರ್ಯನಿಗೆ ನೇರವಾಗಿ ಮುಖಮಾಡಿದ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವಾಟ್‌ಗಳಷ್ಟು ಶಕ್ತಿ ಬೀಳುತ್ತದೆ. ಸಾಧಾರಣ ಗಾಜು ಇದರಲ್ಲಿ ಬಹುಪಾಲನ್ನು ಒಳಗೆ ಬಿಡುತ್ತದೆ. ಆದ್ದರಿಂದ ಸಂಜೆಯ ಬಿಸಿಲು ನೇರವಾಗಿ ಬೀಳುವ ಒಂದೂವರೆ ಚದರ ಮೀಟರಿನ ಪಡುವಣ ಕಿಟಕಿಯೊಂದು, ಬೇಸಿಗೆಯಲ್ಲಿ ಕೋಣೆಯೊಳಗೆ ಸುಮಾರು ಒಂದು ಕಿಲೋವಾಟ್‌ನ ಹೀಟರನ್ನು ಹಚ್ಚಿಟ್ಟಂತೆ ಕೆಲಸ ಮಾಡುತ್ತದೆ.

ಇಲ್ಲಿ ಬಹಳ ಜನ ಎಡವುವುದು ಪರದೆಯ ವಿಷಯದಲ್ಲಿ. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಆ ಬಿಸಿಲಿನಿಂದ ಕಾದ ವಸ್ತುಗಳು ಹೊರಸೂಸುವ ಶಾಖವನ್ನು ಹೊರಗೆ ಬಿಡುವುದಿಲ್ಲ. ಕಿಟಕಿಯ ಒಳಬದಿಯಲ್ಲಿ ದಪ್ಪನೆಯ ಗಾಢ ಬಣ್ಣದ ಪರದೆ ಇಳಿಬಿಟ್ಟರೆ ಕೋಣೆ ಕತ್ತಲಾಗುತ್ತದೆಯೇ ಹೊರತು, ಪರದೆಯೇ ಕಾದು ಆ ಬಿಸಿಯನ್ನು ಕೋಣೆಗೆ ಹಂಚುತ್ತದೆ. ಅದೇ ಪರದೆಯನ್ನು ಗಾಜಿನ ಹೊರಗೆ ಕಟ್ಟಿದರೆ ಅದು ಕಾದರೂ ಬಿಸಿಯನ್ನು ಹೊರಗಿನ ಗಾಳಿ ಒಯ್ಯುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯವಿದ್ದರೆ, ಒಳಗಿನ ಅಂದದ ಪರದೆಯನ್ನು ಬಿಟ್ಟು ಹೊರಗಿನ ಒರಟು ತಟ್ಟಿಯನ್ನೇ ಆರಿಸಿಕೊಳ್ಳಿ.

ಯಾವ ದಿಕ್ಕಿಗೆ ಯಾವ ಬಗೆಯ ತಡೆ ಎಂಬುದೂ ಮುಖ್ಯ. ಸೂರ್ಯ ದಿಗಂತದಿಂದ 45 ಡಿಗ್ರಿ ಎತ್ತರದಲ್ಲಿ ಕಿಟಕಿಗೆ ಎದುರಾಗಿ ನಿಂತಿರುವಾಗ, ಒಂದು ಮೀಟರ್ ಚಾಚಿದ ಸಜ್ಜಾ ತನ್ನ ಕೆಳಗಿನ ಒಂದು ಮೀಟರ್ ಗೋಡೆಗೆ ನೆರಳು ಕೊಡುತ್ತದೆ. ಅದೇ ಸೂರ್ಯ 20 ಡಿಗ್ರಿಗೆ ಇಳಿದಾಗ ನೆರಳು 36 ಸೆಂಟಿಮೀಟರಿಗೆ ಕುಗ್ಗುತ್ತದೆ. ಬೆಳಗಿನ ಮತ್ತು ಸಂಜೆಯ ಬಿಸಿಲು ಓರೆಯಾಗಿ ಸಜ್ಜಾದ ಕೆಳಗೆ ನುಸುಳಿ ಬರುವುದರಿಂದ, ಮೂಡಣ ಮತ್ತು ಪಡುವಣ ಕಿಟಕಿಗಳಿಗೆ ಸಜ್ಜಾ ಎಷ್ಟು ಅಗಲವಿದ್ದರೂ ಸಾಲದು. ಮೇಲಿನಿಂದ ಕೆಳಗೆ ಇಳಿಬಿಡುವ ತಡೆಯೇ ಬೇಕು. ಬಿದಿರಿನ ತಟ್ಟಿ, ಶೇಡ್ ನೆಟ್, ದಪ್ಪ ಬಿಳಿ ಬಟ್ಟೆ, ಮರದ ಪಟ್ಟಿಗಳ ಬಾಗಿಲು, ಯಾವುದಾದರೂ ಆದೀತು. ಅದನ್ನು ಗಾಜಿಗೆ ಅಂಟಿದಂತೆ ಕಟ್ಟದೆ ಒಂದು ಗೇಣಿನಷ್ಟು ಅಂತರ ಬಿಡಿ. ನಡುವೆ ಗಾಳಿ ಆಡುವಂತಿರಬೇಕು. ಮೂಡಣದ ತಟ್ಟಿಯನ್ನು ಸೂರ್ಯೋದಯಕ್ಕೆ ಮೊದಲೇ ಇಳಿಬಿಟ್ಟು ನಡುಹಗಲಿಗೆ ಸುತ್ತಿಡಬಹುದು; ಪಡುವಣದ್ದನ್ನು ಮಧ್ಯಾಹ್ನದೊಳಗೆ ಇಳಿಬಿಟ್ಟು ಸೂರ್ಯ ಮುಳುಗಿದ ಕೂಡಲೇ ಎತ್ತಬೇಕು. ಎತ್ತುವುದನ್ನು ಮರೆತರೆ ರಾತ್ರಿಯ ಗಾಳಿಗೆ ನೀವೇ ಅಡ್ಡ ನಿಂತಂತೆ.

ಬಾಡಿಗೆ ಮನೆಯಲ್ಲಿದ್ದು ಹೊರಗೆ ಮೊಳೆ ಹೊಡೆಯಲು ಅನುಮತಿ ಇಲ್ಲದವರು ಒಳಗಿನಿಂದಲೇ ಮಾಡಬೇಕಾಗುತ್ತದೆ. ಆಗ ಗಾಜಿನ ಕಡೆಗೆ ಬಿಳಿ ಅಥವಾ ಹೊಳೆಯುವ ಮೈ ಇರುವಂತೆ ರಟ್ಟಿನ ಹಲಗೆಯನ್ನು ನಿಲ್ಲಿಸಿದರೆ, ಬಿಸಿಲಿನ ಒಂದಷ್ಟು ಪಾಲು ಬೆಳಕಿನ ರೂಪದಲ್ಲೇ ಮರಳಿ ಹೊರಗೆ ಹೋಗುತ್ತದೆ. ಹೊಳೆಯುವ ಹಾಳೆಯನ್ನು ಗಾಜಿಗೆ ನೇರವಾಗಿ ಅಂಟಿಸಬೇಡಿ. ಗಾಜಿನ ಒಂದು ಭಾಗ ವಿಪರೀತ ಕಾದು ಬಿರುಕು ಬಿಡುವ ಸಂಭವವಿದೆ. ಗಿಡ ಬೆಳೆಸಲು ಜಾಗವಿರುವವರಿಗೆ ಪಡುವಣ ಗೋಡೆಯ ಮುಂದೆ ಹಂದರ ಕಟ್ಟಿ ಬಳ್ಳಿ ಹಬ್ಬಿಸುವುದಕ್ಕಿಂತ ಒಳ್ಳೆಯ ತಟ್ಟಿ ಇಲ್ಲ, ಏಕೆಂದರೆ ಎಲೆಗಳು ಬಿಸಿಲನ್ನು ತಡೆಯುವುದಲ್ಲದೆ ನೀರಾವಿ ಬಿಟ್ಟು ತಾವೂ ತಂಪಾಗಿರುತ್ತವೆ. ಆದರೆ ಈ ಬೇಸಿಗೆಗೆ ಬೇಕೆಂದರೆ ಕಳೆದ ವರ್ಷವೇ ನೆಟ್ಟಿರಬೇಕಿತ್ತು!

ಹಂತ 3: ಚಾವಣಿಗೆ ಬಿಳಿ ಬಣ್ಣ, ಇಲ್ಲವೇ ನೆರಳು

ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುವಾಗ ಗೋಡೆಗಳಿಗೆ ಬೀಳುವ ಬಿಸಿಲು ಕಡಿಮೆ, ಹೆಚ್ಚಿನದೆಲ್ಲ ಚಾವಣಿಗೆ. ಗಾಢ ಬಣ್ಣದ ಚಾವಣಿ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿಕೊಂಡು 60 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಬಲ್ಲದು. ಹೊಸದಾಗಿ ಬಿಳಿ ಬಳಿದ ಚಾವಣಿ ಬಿಸಿಲಿನ ಸುಮಾರು 80 ಶೇಕಡವನ್ನು ಹಿಂದಕ್ಕೆ ಅಟ್ಟುವುದರಿಂದ, ಅದೇ ಮಧ್ಯಾಹ್ನ ಅದಕ್ಕಿಂತ ಇಪ್ಪತ್ತು ಡಿಗ್ರಿಗಿಂತಲೂ ತಣ್ಣಗಿರಬಲ್ಲದು. ಕೊನೆಯ ಮಹಡಿಯಲ್ಲಿ ವಾಸಿಸುವವರು ಈ ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನೇ ಮಾಡಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಂಕ್ರೀಟ್ ತಾರಸಿಗೆ ಬಿಳಿ ಬಳಿಯುವ ಕೆಲಸ ಹೀಗೆ ಸಾಗಬೇಕು. ಮೊದಲು ಗುಡಿಸಿ, ಪಾಚಿಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಒಂದು ದಿನ ಒಣಗಲು ಬಿಡಿ. ಬಿರುಕುಗಳಿದ್ದರೆ ಈಗಲೇ ಮುಚ್ಚಿಸಿ. ಬಣ್ಣ ಬಳಿದ ಮೇಲೆ ಬಿರುಕು ಕಣ್ಣಿಗೆ ಬೀಳುವುದಿಲ್ಲ, ಆದರೆ ಮಳೆಗಾಲದಲ್ಲಿ ನೀರಿಗೆ ದಾರಿ ಗೊತ್ತಿರುತ್ತದೆ. ಅನಂತರ ತಾರಸಿಗೆಂದೇ ತಯಾರಿಸಿದ, ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣವನ್ನು ಡಬ್ಬಿಯ ಮೇಲಿನ ಸೂಚನೆಯಂತೆ ಎರಡು ಕೋಟು ಬಳಿಯಿರಿ. ಎರಡನೆಯ ಕೋಟನ್ನು ಮೊದಲನೆಯದಕ್ಕೆ ಅಡ್ಡಲಾಗಿ ಎಳೆದರೆ ಬಿಟ್ಟುಹೋದ ಜಾಗಗಳು ಮುಚ್ಚಿಕೊಳ್ಳುತ್ತವೆ. ಕಾದ ನೆಲಕ್ಕೆ ಬಳಿದ ಬಣ್ಣ ಸರಿಯಾಗಿ ಹಿಡಿಯುವ ಮೊದಲೇ ಒಣಗಿ ಆಮೇಲೆ ಏಳುತ್ತದೆಯಾದ್ದರಿಂದ, ಬೆಳಗ್ಗೆ ಬಿಸಿಲೇರುವ ಮುನ್ನ ಅಥವಾ ಸಂಜೆ ತಾರಸಿ ತಣಿದ ಮೇಲೆ ಕೆಲಸ ಮಾಡಿ.

ಖರ್ಚು ಬೇಡವೆನ್ನುವವರಿಗೆ ಸುಣ್ಣವೇ ಸಾಕು. ಪುಡಿಸುಣ್ಣವನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ, ಸೋಸಿ, ತೆಳ್ಳಗೆ ಕದಡಿ, ಸ್ವಲ್ಪ ಒದ್ದೆ ಮಾಡಿದ ನೆಲಕ್ಕೆ ಎರಡು ಮೂರು ಕೋಟು ಬಳಿದರೆ ಒಂದು ಬೇಸಿಗೆ ಕಳೆಯುತ್ತದೆ. ಮಳೆಗೆ ಅದು ತೊಳೆದುಹೋಗುವುದು ನಿಶ್ಚಿತ. ಸುಟ್ಟ ಸುಣ್ಣದ ಕಲ್ಲನ್ನು ಮನೆಯಲ್ಲೇ ಅರಳಿಸುವುದಾದರೆ ಎಚ್ಚರ ಬೇಕು: ನೀರು ಬಿದ್ದ ಕೂಡಲೇ ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಳ್ಳಿ, ಪ್ಲಾಸ್ಟಿಕ್ ಬಕೆಟ್ ಬಳಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಬಣ್ಣವಾಗಲಿ ಸುಣ್ಣವಾಗಲಿ, ಮೇಲೆ ಧೂಳು ಕುಳಿತಷ್ಟೂ ಅದರ ಗುಣ ಕುಂದುತ್ತದೆ; ಬೇಸಿಗೆಯ ಆರಂಭದಲ್ಲಿ ಒಮ್ಮೆ ತೊಳೆಯುವುದನ್ನು ರೂಢಿಸಿಕೊಳ್ಳಿ.

ತಗಡು ಅಥವಾ ಶೀಟಿನ ಮನೆಗಳಲ್ಲಿ ಸಮಸ್ಯೆ ತುಸು ಬೇರೆ. ಕಾದ ಶೀಟು ತನ್ನ ಕೆಳಗಿನ ಗಾಳಿಯನ್ನು ಬಿಸಿ ಮಾಡುವುದಕ್ಕಿಂತ ಹೆಚ್ಚಾಗಿ ಕೆಂಡದಂತೆ ನೇರವಾಗಿ ಕೆಳಗಿರುವವರ ತಲೆಯ ಮೇಲೆ ಶಾಖವನ್ನು ಸೂಸುತ್ತದೆ. ಮೇಲ್ಭಾಗಕ್ಕೆ ಬಿಳಿ ಬಳಿಯುವುದರ ಜೊತೆಗೆ, ಶೀಟಿನ ಕೆಳಗೆ ಒಂದು ಗೇಣು ಬಿಟ್ಟು ಇನ್ನೊಂದು ತಡೆಯನ್ನು ಕಟ್ಟಬೇಕು: ಹಲಗೆ, ಚಾಪೆ ಅಥವಾ ಅಲ್ಯೂಮಿನಿಯಂ ಹಾಳೆ. ಹಾಳೆಯನ್ನು ಬಳಸಿದರೆ ಅದರ ಹೊಳೆಯುವ ಮೈ ಖಾಲಿ ಗಾಳಿಗೆ ಎದುರಾಗಿರಬೇಕು. ಹಲಗೆಗೂ ಶೀಟಿಗೂ ನಡುವೆ ಒತ್ತಿ ಹಿಡಿದ ಹಾಳೆ ಲೋಹದ ಇನ್ನೊಂದು ಪದರವಾಗುತ್ತದೆಯೇ ಹೊರತು ಶಾಖವನ್ನು ತಡೆಯುವುದಿಲ್ಲ. ನಡುವಿನ ಸಂದಿಯ ಎರಡೂ ತುದಿಗಳನ್ನು ತೆರೆದಿಟ್ಟರೆ ಅಲ್ಲಿ ಕೂಡಿದ ಬಿಸಿಗಾಳಿ ತಾನಾಗಿಯೇ ಹೊರಗೆ ಹೋಗುತ್ತದೆ. ಚಾಪೆ, ಬಟ್ಟೆಯಂಥವನ್ನು ಒಲೆಯ ಮೇಲೂ ವಿದ್ಯುತ್ ತಂತಿಯ ಹತ್ತಿರವೂ ಕಟ್ಟಬಾರದು.

ಬಣ್ಣ ಬಳಿಯಲಾಗದವರು ತಾರಸಿಯ ಮೇಲೆ ಶೇಡ್ ನೆಟ್ಟಿನ ಚಪ್ಪರ ಹಾಕಬಹುದು. ಅದು ನೆಲದಿಂದ ಮೇಲೆ, ಗಾಳಿ ಸಲೀಸಾಗಿ ಹಾಯುವಷ್ಟು ಎತ್ತರದಲ್ಲಿರಬೇಕು ಮತ್ತು ಬಿರುಗಾಳಿಗೆ ಹಾರದಂತೆ ಎಲ್ಲ ಮೂಲೆಗಳಲ್ಲೂ ಬಿಗಿಯಾಗಿರಬೇಕು. ಕುಂಡಗಳನ್ನು ಇಡುವವರು, ನೀರು ನಿಲ್ಲಿಸುವವರು ಭಾರವನ್ನು ಲೆಕ್ಕ ಹಾಕಲಿ: ಒಂದು ಸೆಂಟಿಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ 10 ಕಿಲೋ ತೂಗುತ್ತದೆ, ಒದ್ದೆ ಮಣ್ಣು ಅದಕ್ಕಿಂತ ಹೆಚ್ಚು.

ಹಂತ 4: ಕಿಟಕಿಗಳನ್ನು ಮಾಪಕ ನೋಡಿ ತೆರೆಯಿರಿ, ಮುಚ್ಚಿರಿ

ಸೆಕೆಯಾದಾಗ ಕಿಟಕಿ ತೆರೆಯಬೇಕು ಎಂಬುದು ಸಹಜವಾಗಿ ತೋಚುವ ಮಾತು, ಮತ್ತು ಮಧ್ಯಾಹ್ನದ ಮಟ್ಟಿಗೆ ತಪ್ಪು ಮಾತು. ಹೊರಗೆ 39 ಡಿಗ್ರಿ, ಒಳಗೆ 33 ಡಿಗ್ರಿ ಇರುವಾಗ ತೆರೆದ ಕಿಟಕಿಯಿಂದ ಬರುವುದು ಬಿಸಿಗಾಳಿಯೇ. ಮೊದಲ ಹಂತದಲ್ಲಿ ಇಟ್ಟ ಎರಡು ಮಾಪಕಗಳು ಈಗ ಕೆಲಸಕ್ಕೆ ಬರುತ್ತವೆ: ಹೊರಗಿನ ಅಂಕಿ ಒಳಗಿನದಕ್ಕಿಂತ ಕಡಿಮೆಯಾದಾಗ ತೆರೆಯಿರಿ, ಹೆಚ್ಚಾಗತೊಡಗಿದಾಗ ಮುಚ್ಚಿರಿ. ಸಾಮಾನ್ಯವಾಗಿ ಇದು ಸೂರ್ಯ ಮುಳುಗಿದ ಒಂದೆರಡು ತಾಸಿನಿಂದ ಮರುದಿನ ಬೆಳಗಿನ ಎಂಟು ಒಂಬತ್ತರವರೆಗಿನ ಅವಧಿ.

ರಾತ್ರಿ ತೆರೆಯುವುದರಲ್ಲೂ ಒಂದು ವಿಧಾನವಿದೆ. ಎದುರುಬದುರಿನ ಎರಡು ಕಿಟಕಿಗಳು ಒಂದೇ ಗೋಡೆಯ ನಾಲ್ಕು ಕಿಟಕಿಗಳಿಗಿಂತ ಮೇಲು. ಗಾಳಿಗೆ ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯೂ ಬೇಕು. ನಡುವಿನ ಕೋಣೆಗಳ ಬಾಗಿಲುಗಳನ್ನು ತೆರೆದಿಟ್ಟು, ಹೊಡೆದುಕೊಳ್ಳದಂತೆ ಏನಾದರೂ ಅಡ್ಡ ಕೊಡಿ. ಬಿಸಿಗಾಳಿ ಹಗುರವಾದ್ದರಿಂದ ಮೇಲೇರುತ್ತದೆ. ಚಾವಣಿಗೆ ಹತ್ತಿರದ ಗವಾಕ್ಷಿಗಳನ್ನು ತೆರೆದರೆ ಅದು ಅಲ್ಲಿಂದ ಹೋಗಿ, ತಂಪುಗಾಳಿ ಕೆಳಗಿನ ಕಿಟಕಿಯಿಂದ ಆ ಜಾಗ ತುಂಬುತ್ತದೆ. ಮಹಡಿಯ ಮೆಟ್ಟಿಲಿರುವ ಮನೆಗಳಲ್ಲಿ ತಾರಸಿಯ ಬಾಗಿಲನ್ನು ರಾತ್ರಿ ತೆರೆದಿಟ್ಟರೆ ಮೆಟ್ಟಿಲ ಓಣಿಯೇ ದೊಡ್ಡ ಹೊಗೆಗೂಡಿನಂತಾಗಿ ಇಡೀ ಮನೆಯ ಬಿಸಿಯನ್ನು ಸೆಳೆಯುತ್ತದೆ. ಅಲ್ಲಿಗೊಂದು ಜಾಲರಿ ಬಾಗಿಲು ಮಾಡಿಸಿದರೆ ಸುರಕ್ಷತೆಯ ಚಿಂತೆಯೂ ಇಲ್ಲ. ಸೊಳ್ಳೆಯ ಜಾಲರಿಗಳಲ್ಲಿ ಧೂಳು ತುಂಬಿದರೆ ಗಾಳಿ ಗಣನೀಯವಾಗಿ ತಗ್ಗುತ್ತದೆ. ಹಲವು ಮನೆಗಳಲ್ಲಿ ಜಾಲರಿ ತೊಳೆಯುವುದೇ ಅತ್ಯಂತ ಅಗ್ಗದ ಪರಿಹಾರ.

ಈ ಕೆಲಸದ ಉದ್ದೇಶ ರಾತ್ರಿಯ ಗಾಳಿಯನ್ನು ಸವಿಯುವುದಷ್ಟೇ ಅಲ್ಲ. ಗೋಡೆ, ನೆಲ, ಚಾವಣಿಗಳ ರಾಶಿಯನ್ನು ಬೆಳಗಾಗುವುದರೊಳಗೆ ತಣಿಸಿಟ್ಟರೆ ಮರುದಿನ ಮಧ್ಯಾಹ್ನ ಅವೇ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತವೆ. ದಪ್ಪ ಗೋಡೆಯ ಮನೆಗೆ ಇದರಿಂದ ಬಹಳ ಲಾಭ. ತೆಳು ಗೋಡೆಯ, ಶೀಟಿನ ಮನೆಗೆ ಕಡಿಮೆ. ರಾತ್ರಿಯೂ ಹೊರಗೆ ತಣಿಯದ, ತೇವ ತುಂಬಿದ ಹವೆಯಲ್ಲಿ ಈ ತಂತ್ರ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ನೆರಳು ಮಾಡಿ, ಹಗಲೂ ರಾತ್ರಿಯೂ ಗಾಳಿ ಹಾಯಲು ಬಿಡುವುದೇ ಸರಿ.

ಹಂತ 5: ಫ್ಯಾನಿನಿಂದ ನಿಜವಾದ ಕೆಲಸ ಮಾಡಿಸಿಕೊಳ್ಳಿ

ಫ್ಯಾನು ಕೋಣೆಯನ್ನು ತಣಿಸುವುದಿಲ್ಲ, ಕೋಣೆಯಲ್ಲಿರುವವರನ್ನು ತಣಿಸುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಮೈಗೆ ತಾಗಿದರೆ ತಾಪಮಾನ ಸುಮಾರು 3 ಡಿಗ್ರಿ ಇಳಿದಂತೆ ಅನಿಸುತ್ತದೆ. ಮಾಪಕದ ಅಂಕಿ ಮಾತ್ರ ಕದಲುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ತಾನು ಬಳಸುವ ವಿದ್ಯುತ್ತನ್ನೆಲ್ಲ ಕೊನೆಗೆ ಬಿಸಿಯಾಗಿಯೇ ಅಲ್ಲಿ ಬಿಡುತ್ತದೆ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆಯುವಲ್ಲಿ ಬಿಎಲ್‌ಡಿಸಿ (ಬ್ರಷ್ ಇಲ್ಲದ, ಕಡಿಮೆ ವಿದ್ಯುತ್ ಬಳಸುವ) ಮೋಟಾರಿನದು 30 ವಾಟ್‌ನ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ.

ರಾತ್ರಿ ಹೊರಗೆ ತಂಪಿದ್ದೂ ಗಾಳಿ ಬೀಸದಿದ್ದರೆ, ಟೇಬಲ್ ಫ್ಯಾನನ್ನು ಅತಿ ಬಿಸಿಯಾದ ಕೋಣೆಯ ಕಿಟಕಿಗೆ ಹೊರಮುಖವಾಗಿ ಇಟ್ಟು, ಮನೆಯ ಇನ್ನೊಂದು ಕೊನೆಯಲ್ಲಿ ಒಂದೇ ಒಂದು ಕಿಟಕಿ ತೆರೆಯಿರಿ. ಫ್ಯಾನಿನ ಪಕ್ಕದ ಕಿಟಕಿಯನ್ನು ಮುಚ್ಚಿಡಬೇಕು; ಇಲ್ಲವಾದರೆ ಅದು ಹತ್ತಿರದ ಗಾಳಿಯನ್ನೇ ಎಳೆದು ಹೊರಹಾಕುತ್ತಾ ಕೂರುತ್ತದೆ, ದೂರದ ಕೋಣೆಗಳಿಗೆ ಏನೂ ತಲುಪುವುದಿಲ್ಲ. ಮನೆಯೊಳಗೆ ಗ್ಯಾಸ್ ಗೀಸರ್ ಉರಿಯುತ್ತಿರುವಾಗ ಹೀಗೆ ಗಾಳಿಯನ್ನು ಹೊರಗೆ ಸೆಳೆಯಬಾರದು. ಅದರ ವಿಷಗಾಳಿ ಮನೆಯೊಳಕ್ಕೇ ತಿರುಗಬಹುದು.

ಹಂತ 6: ನೀರನ್ನು ಹವೆ ನೋಡಿ ಬಳಸಿ

ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್, ಅಂದರೆ ವಿದ್ಯುತ್ತಿನ ಲೆಕ್ಕದಲ್ಲಿ ಯೂನಿಟ್ಟಿನ ಮೂರನೇ ಎರಡು ಭಾಗದಷ್ಟು ಶಾಖವನ್ನು ಸುತ್ತಲಿನಿಂದ ಹೀರುತ್ತದೆ. ಏರ್ ಕೂಲರ್, ಕಿಟಕಿಗೆ ಕಟ್ಟಿದ ಒದ್ದೆ ಬಟ್ಟೆ, ನೆಲಕ್ಕೆ ಚಿಮುಕಿಸಿದ ನೀರು, ಎಲ್ಲದರ ಹಿಂದಿರುವುದೂ ಇದೇ ತತ್ವ. ಆದರೆ ಆವಿಯಾಗಲು ಗಾಳಿ ಒಣಗಿರಬೇಕು. ಹೊರಗೆ 40 ಡಿಗ್ರಿ ತಾಪಮಾನ, 20 ಶೇಕಡ ಆರ್ದ್ರತೆ ಇದ್ದಾಗ ಒಳ್ಳೆಯ ಕೂಲರ್ 27 ಡಿಗ್ರಿಯ ಆಸುಪಾಸಿನ ಗಾಳಿ ಕೊಡಬಲ್ಲದು. 35 ಡಿಗ್ರಿ, 70 ಶೇಕಡ ಆರ್ದ್ರತೆಯಲ್ಲಿ ಅದೇ ಕೂಲರ್ 31 ಡಿಗ್ರಿಗಿಂತ ಕೆಳಗೆ ಇಳಿಸಲಾರದು, ಜೊತೆಗೆ ಅಂಟಂಟು ಸೆಕೆ ಬೇರೆ. ಅಂಥ ದಿನ ಪಂಪನ್ನು ಆರಿಸಿ ಬರೀ ಫ್ಯಾನಿನಂತೆ ಬಳಸಿ.

ಕೂಲರನ್ನು ಮುಚ್ಚಿದ ಕೋಣೆಯ ನಡುವೆ ಇಡುವುದು ಸಾಮಾನ್ಯ ತಪ್ಪು. ಅದರ ಹಿಂಭಾಗ ಕಿಟಕಿಯ ಕಡೆಗಿದ್ದು ಹೊರಗಿನ ಒಣಗಾಳಿಯನ್ನು ಎಳೆಯಬೇಕು ಮತ್ತು ಎದುರು ಬದಿಯ ಕಿಟಕಿಯೊಂದು ತೆರೆದಿರಬೇಕು. ಇಲ್ಲದಿದ್ದರೆ ಅರ್ಧ ತಾಸಿನಲ್ಲಿ ಕೋಣೆ ತೇವದಿಂದ ತುಂಬುತ್ತದೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ, ಉಜ್ಜಿ ತೊಳೆದು ಒಣಗಿಸದಿದ್ದರೆ ಸೊಳ್ಳೆಗಳು ಹುಟ್ಟುವುದು ಅಲ್ಲಿಯೇ.

ಫ್ಯಾನಿನ ಮುಂದೆ ಮಂಜುಗಡ್ಡೆಯ ಪಾತ್ರೆ ಇಡುವ ಸಲಹೆ ಎಲ್ಲೆಡೆ ಕಾಣಸಿಗುತ್ತದೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖ ಸುಮಾರು 334 ಕಿಲೋಜೂಲ್, ಅಂದರೆ ಯೂನಿಟ್ಟಿನ ಹತ್ತನೇ ಒಂದು ಭಾಗವೂ ಅಲ್ಲ. ಅದನ್ನು ಹೆಪ್ಪುಗಟ್ಟಿಸಲು ನಿಮ್ಮದೇ ಫ್ರಿಜ್ ಅದಕ್ಕಿಂತ ಹೆಚ್ಚು ಬಿಸಿಯನ್ನು ಅಡುಗೆಮನೆಗೆ ಬಿಟ್ಟಿರುತ್ತದೆ. ಮಂಜುಗಡ್ಡೆಯನ್ನು ಕುಡಿಯುವ ನೀರಿಗೆ ಹಾಕಿಕೊಳ್ಳುವುದು ಜಾಣತನ.

ಹಂತ 7: ಒಳಗೆ ಹುಟ್ಟುವ ಬಿಸಿಯನ್ನು ಕಡಿಮೆ ಮಾಡಿ

ಅಡುಗೆಯನ್ನು ಬೆಳಗ್ಗೆ ಬೇಗ ಅಥವಾ ಸಂಜೆ ತಡವಾಗಿ ಮುಗಿಸಿ. ಕುದಿಸುವಾಗ ಮುಚ್ಚಳ ಹಾಕಿ, ಪ್ರೆಷರ್ ಕುಕ್ಕರ್ ಬಳಸಿ, ಎಕ್ಸಾಸ್ಟ್ ಫ್ಯಾನನ್ನು ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಓಡಿಸಿ. ಹಳೆಯ ಬುರುಡೆ ದೀಪಗಳು ಉಳಿದಿದ್ದರೆ ಎಲ್‌ಇಡಿಗೆ ಬದಲಿಸಿ: 60 ವಾಟ್‌ನ ಬುರುಡೆ ಕೊಡುವ ಬೆಳಕನ್ನು 9 ವಾಟ್‌ನ ಎಲ್‌ಇಡಿ ಕೊಡುತ್ತದೆ. ಇಸ್ತ್ರಿಯನ್ನು ಬೆಳಗಿಗೆ ಇಟ್ಟುಕೊಳ್ಳಿ. ಫ್ರಿಜ್ಜಿನ ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ.

ಹಂತ 8: ನಿದ್ದೆಗೆ ಒಂದು ಕೋಣೆಯನ್ನು ಸಜ್ಜುಗೊಳಿಸಿ

ಇಡೀ ಮನೆಯನ್ನು ತಣಿಸಲು ಆಗದಿದ್ದರೆ ಒಂದೇ ಕೋಣೆಯನ್ನು ಆರಿಸಿಕೊಳ್ಳಿ. ಕೆಳಗಿನ ಮಹಡಿಯದ್ದು, ಪಡುವಣ ಗೋಡೆ ಇಲ್ಲದ್ದು ಒಳ್ಳೆಯದು. ಮೇಲೆ ಹೇಳಿದ ಕೆಲಸಗಳನ್ನೆಲ್ಲ ಮೊದಲು ಅಲ್ಲಿಯೇ ಮಾಡಿ. ಫೋಮಿನ ಹಾಸಿಗೆ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಅದರ ಬದಲು ಚಾಪೆ ಅಥವಾ ತೆಳು ಹತ್ತಿಯ ಹಾಸಿಗೆ ಸಾಕು. ನೆಲದ ಮೇಲಿನ ಜಮಖಾನೆಗಳನ್ನು ಬೇಸಿಗೆಯ ಮಟ್ಟಿಗೆ ಸುತ್ತಿಡಿ. ಮಲಗುವ ಮುನ್ನ ಸ್ನಾನ ಮಾಡಿ ಮೈಯನ್ನು ಪೂರ್ತಿ ಒರೆಸಿಕೊಳ್ಳದೆ ಫ್ಯಾನಿನ ಕೆಳಗೆ ಮಲಗುವುದು ಯಾವ ಉಪಕರಣಕ್ಕೂ ಕಡಿಮೆಯಿಲ್ಲ.

ಹಂತ 9: ಇಷ್ಟು ಮಾಡಿಯೂ ಸಾಲದ ದಿನಗಳು

ಹಗಲಿನಲ್ಲಿ ಕೋಣೆಯ ತಾಪಮಾನ 32 ಡಿಗ್ರಿಗಿಂತ, ರಾತ್ರಿ 24 ಡಿಗ್ರಿಗಿಂತ ಕೆಳಗಿರುವಂತೆ ನೋಡಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲ ಮನೆಗಳಲ್ಲೂ ಇದು ಸಾಧ್ಯವಾಗುವುದಿಲ್ಲ. ತಾಪಮಾನ 40 ಡಿಗ್ರಿ ದಾಟಿದಾಗ ಫ್ಯಾನು ಬಳಸಬಾರದೆಂಬುದೂ ಅದೇ ಸಂಸ್ಥೆಯ ಸಲಹೆ, ಏಕೆಂದರೆ ಆಗ ಬೀಸುವ ಗಾಳಿಯೇ ಮೈಯನ್ನು ಕಾಯಿಸುತ್ತದೆ. ಬೆವರುವ ಶಕ್ತಿ ಕುಂದಿರುವ ವೃದ್ಧರಿಗೆ ಈ ಮಿತಿ ಇನ್ನೂ ಮೊದಲೇ ಬರುತ್ತದೆ. ಅಂಥ ಮಧ್ಯಾಹ್ನಗಳಲ್ಲಿ ಶಿಶುಗಳನ್ನು, ವೃದ್ಧರನ್ನು, ಗರ್ಭಿಣಿಯರನ್ನು ಮತ್ತು ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರನ್ನು ಎರಡು ಮೂರು ತಾಸಿನ ಮಟ್ಟಿಗಾದರೂ ತಂಪಾದ ಬೇರೆ ಕಟ್ಟಡಕ್ಕೆ ಕರೆದೊಯ್ಯುವುದು ಸರಿಯಾದ ನಿರ್ಧಾರ.

ಯಾರಾದರೂ ಮೈ ವಿಪರೀತ ಸುಡುತ್ತಾ, ಅಸಂಬದ್ಧವಾಗಿ ಮಾತನಾಡುತ್ತಾ ಅಥವಾ ಪ್ರಜ್ಞೆ ತಪ್ಪುವಂತೆ ಕಂಡರೆ ಅದು ಶಾಖಾಘಾತ. ಕೂಡಲೇ ಆಂಬುಲೆನ್ಸ್ ಕರೆಯಿರಿ. ಅದು ಬರುವವರೆಗೆ ಕಾಯದೆ ಬಟ್ಟೆ ಸಡಿಲಿಸಿ, ನೆರಳಿನಲ್ಲಿ ಮಲಗಿಸಿ, ಮೈಮೇಲೆ ತಣ್ಣೀರು ಸುರಿಯುತ್ತಾ ಬೀಸಣಿಗೆಯಿಂದ ಗಾಳಿ ಹಾಕಿ, ಕುತ್ತಿಗೆ, ಕಂಕುಳು ಮತ್ತು ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.